ಹೊನ್ನಿನ ಲೆಕ್ಕ, ಹಂತದ ಲೆಕ್ಕ: ಪಾತ್ರದ ಆಟಗಳಲ್ಲಿ ಬೆಳವಣಿಗೆಯ ಚರಿತ್ರೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರೂ ಒಂದೊಂದು ಕಲ್ಪಿತ ವ್ಯಕ್ತಿಯ ಹೊಣೆ ಹೊತ್ತು, ಆ ವ್ಯಕ್ತಿಯ ನಡೆಯನ್ನು ಬಾಯಿಮಾತಿನಲ್ಲೇ ತಿಳಿಸುತ್ತ, ಫಲ ಅನಿಶ್ಚಿತವಾದ ಕಡೆ ದಾಳ ಉರುಳಿಸಿ ನಿರ್ಣಯಿಸಿಕೊಳ್ಳುವ ಆಟಗಳನ್ನು ರೋಲ್‌ಪ್ಲೇಯಿಂಗ್ ಆಟಗಳೆಂದು ಕರೆಯುತ್ತಾರೆ. ಚೌಕಾಬಾರದಲ್ಲಿ ಆಟ ಮುಗಿದೊಡನೆ ಕಾಯಿಗಳೆಲ್ಲ ಮೊದಲಿನ ಮನೆಗೆ ಮರಳುತ್ತವೆ, ನಿನ್ನೆ ಗೆದ್ದವನಿಗೂ ಸೋತವನಿಗೂ ಇಂದು ಒಂದೇ ಆರಂಭ. ಪಾತ್ರದ ಆಟದಲ್ಲಾದರೋ ಈ ವಾರ ಗಳಿಸಿದ ಕತ್ತಿ, ಮಾಡಿಕೊಂಡ ವೈರಿ, ಕಲಿತ ಮಂತ್ರ ಎಲ್ಲವೂ ಮುಂದಿನ ವಾರಕ್ಕೆ ಉಳಿದುಕೊಳ್ಳುತ್ತವೆ. ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುವ ಆಟದ ಸರಣಿಗೆ ಕ್ಯಾಂಪೇನ್ ಎಂಬ ಹೆಸರು ಬಿದ್ದಿದೆ. ಆಟ ಮುಂದುವರಿಯುವುದಾದರೆ ಪಾತ್ರವೂ ಬೆಳೆಯಬೇಕೆಂಬುದು ಸಹಜವಾದ ನಿರೀಕ್ಷೆಯಾದರೂ, ಬೆಳೆದ ಪಾತ್ರಕ್ಕೆ ಹಳೆಯ ಅಪಾಯಗಳು ಅಪಾಯಗಳಾಗಿ ಉಳಿಯುವುದಿಲ್ಲ, ಅಪಾಯವಿಲ್ಲದ ಕಡೆ ಆಟದ ಸೊಗಸೂ ಉಳಿಯುವುದಿಲ್ಲ. ಬೆಳವಣಿಗೆಯ ನಿಯಮಗಳು ಬಹುಮಾನದ ಪಟ್ಟಿಗಳಂತೆ ಕಂಡರೂ ಅವುಗಳ ಐವತ್ತು ವರ್ಷಗಳ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ, ಅವುಗಳಲ್ಲಿ ಬಹುಪಾಲು ಬೆಳವಣಿಗೆಗೆ ಕಡಿವಾಣ ಹಾಕುವ ಪ್ರಯತ್ನಗಳೇ ಆಗಿರುವುದು ಗೋಚರಿಸುತ್ತದೆ.

ಈ ಆಟಗಳ ತವರು ಅಮೆರಿಕದ ಮಧ್ಯಪಶ್ಚಿಮ ಭಾಗ. 1960ರ ದಶಕದ ಕೊನೆಯಲ್ಲಿ ಮಿನೆಸೋಟ ರಾಜ್ಯದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ಗಳಲ್ಲಿ, ತವರದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಹೂಡಿ ಹಳೆಯ ಕಾಲದ ಕದನಗಳನ್ನು ಮರುಆಡುವ ಹವ್ಯಾಸಿಗಳ ಗುಂಪೊಂದಿತ್ತು. ಆ ಗುಂಪಿನ ಡೇವಿಡ್ ವೆಸ್ಲಿ 1969ರಲ್ಲಿ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವನ್ನು ಮುಂದಿಟ್ಟು, ಆಟಗಾರರಿಗೆ ಪಡೆಗಳ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಹಂಚಿದರು. ಅದೇ ಗುಂಪಿನ ಡೇವ್ ಆರ್ನೆಸನ್ ಈ ಬಗೆಯನ್ನು ಮುಂದುವರಿಸಿ 1971ರ ಹೊತ್ತಿಗೆ ಬ್ಲ್ಯಾಕ್‌ಮೂರ್ ಎಂಬ ಮಾಯಾಲೋಕದ ಕ್ಯಾಂಪೇನನ್ನು ಆರಂಭಿಸಿದರು. ಬ್ರೌನ್‌ಸ್ಟೈನ್ ಆಟದಲ್ಲಿ ಯಾರೂ ಬೆಳೆಯುತ್ತಿರಲಿಲ್ಲ, ಬೆಳೆಯುವ ಅಗತ್ಯವೂ ಇರಲಿಲ್ಲ, ಏಕೆಂದರೆ ಆ ಪಟ್ಟಣದ ಕಥೆ ಒಂದು ಕೂಟಕ್ಕೆ ಮುಗಿಯುತ್ತಿತ್ತು. ಬ್ಲ್ಯಾಕ್‌ಮೂರ್‌ನಲ್ಲಿ ಮಾತ್ರ ಅದೇ ಜನ ಅದೇ ಪಾತ್ರಗಳೊಂದಿಗೆ ಮತ್ತೆ ಮತ್ತೆ ಕೋಟೆಯಡಿಯ ಸುರಂಗಗಳಿಗೆ ಇಳಿಯುತ್ತಿದ್ದುದರಿಂದ, ಬದುಕಿ ಮರಳಿದವನಿಗೂ ಹೊಸಬನಿಗೂ ಇರುವ ವ್ಯತ್ಯಾಸವನ್ನು ಲೆಕ್ಕದಲ್ಲಿ ಹಿಡಿಯಬೇಕಾಯಿತು.

ಆ ಲೆಕ್ಕಕ್ಕೆ ಬೇಕಾದ ಅಳತೆಗೋಲು ಕದನದ ಆಟದಿಂದಲೇ ಬಂತು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಅವರೊಡನೆ ಸೇರಿ 1971ರಲ್ಲಿ ಪ್ರಕಟಿಸಿದ 'ಚೈನ್‌ಮೇಲ್' ಎಂಬ ಮಧ್ಯಯುಗೀನ ಕದನದ ನಿಯಮಾವಳಿಯ ಕೊನೆಯಲ್ಲಿ ಮಾಂತ್ರಿಕರು, ಭೂತಗಳು, ವೀರರನ್ನು ಕುರಿತ ಒಂದು ಅನುಬಂಧವಿತ್ತು. ಅದರಲ್ಲಿ 'ವೀರ' ನಾಲ್ಕು ಸೈನಿಕರಿಗೆ ಸಮ, 'ಮಹಾವೀರ' ಎಂಟು ಸೈನಿಕರಿಗೆ ಸಮ. 1974ರಲ್ಲಿ ಆರ್ನೆಸನ್ ಮತ್ತು ಗೈಗ್ಯಾಕ್ಸ್ ಇಬ್ಬರ ಹೆಸರಿನಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮೂರು ಸಣ್ಣ ಪುಸ್ತಿಕೆಗಳಾಗಿ ಹೊರಬಂದಾಗ ನಾಲ್ಕನೆಯ ಹಂತದ ಯೋಧನ ಬಿರುದು 'ವೀರ' ಎಂದೂ, ಎಂಟನೆಯ ಹಂತದವನದು 'ಮಹಾವೀರ' ಎಂದೂ ಇದ್ದುದು ಆಕಸ್ಮಿಕವಲ್ಲ. ಸಾಮಾನ್ಯ ಸೈನಿಕನಿಗೂ ವೀರನಿಗೂ ನಡುವೆ ಇದ್ದ ಖಾಲಿ ಜಾಗದಲ್ಲಿ ಮೆಟ್ಟಿಲುಗಳನ್ನು ಕಟ್ಟಿದಾಗ ಹುಟ್ಟಿದ್ದೇ ಹಂತಗಳ ವ್ಯವಸ್ಥೆ. ಇದರ ಜೊತೆಗೆ, ಒಂದೇ ಪೆಟ್ಟಿಗೆ ಪಾತ್ರ ಸಾಯದಂತೆ ತಡೆಯುವ ಹಿಟ್ ಪಾಯಿಂಟ್ ಎಂಬ ಪ್ರಾಣದ ಲೆಕ್ಕವನ್ನು ಆರ್ನೆಸನ್ ನೌಕಾಯುದ್ಧದ ಆಟಗಳಿಂದ ತಂದಿದ್ದರು. ಹಡಗು ಎಷ್ಟು ಗುಂಡು ತಿಂದು ಮುಳುಗುತ್ತದೆಂಬ ಎಣಿಕೆಯೇ ಮನುಷ್ಯಪಾತ್ರಕ್ಕೂ ಅನ್ವಯವಾಯಿತು.

ಒಂದು ಹಂತದಿಂದ ಇನ್ನೊಂದಕ್ಕೆ ಏರಲು ಬೇಕಾದ ಮೊತ್ತವನ್ನು ಅನುಭವಾಂಕ ಎನ್ನಬಹುದು. 1974ರ ಪುಸ್ತಿಕೆಯ ಪ್ರಕಾರ ಯೋಧನು ಎರಡನೆಯ ಹಂತಕ್ಕೆ 2,000, ಮೂರನೆಯದಕ್ಕೆ 4,000, ನಾಲ್ಕನೆಯದಕ್ಕೆ 8,000 ಅಂಕ ಕೂಡಿಸಬೇಕು. ಹೀಗೆ ಮೊತ್ತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತ ಹೋಗಿ, 'ಪ್ರಭು' ಎನಿಸಿಕೊಳ್ಳುವ ಒಂಬತ್ತನೆಯ ಹಂತದಲ್ಲಿ 2,40,000 ತಲುಪುತ್ತದೆ. ಇಮ್ಮಡಿಯ ಈ ಏರಿಕೆ ಹಳಬರನ್ನು ನಿಧಾನಿಸುವುದಷ್ಟೇ ಅಲ್ಲದೆ ಹೊಸಬರನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆಂಬುದು ಈ ಕೋಷ್ಟಕದ ನಿಜವಾದ ಜಾಣ್ಮೆ. ಏಳನೆಯ ಹಂತದ ಯೋಧನೊಬ್ಬ 64,000ದಿಂದ ಎಂಟನೆಯ ಹಂತದ 1,20,000ಕ್ಕೆ ಏರುವಷ್ಟರಲ್ಲಿ, ಅವನೊಡನೆ ಸಮಪಾಲು ಪಡೆಯುತ್ತ ಬಂದ ಹೊಸ ಯೋಧನೊಬ್ಬ 56,000 ಅಂಕ ಕೂಡಿಸಿ ಆರನೆಯ ಹಂತದಲ್ಲಿರುತ್ತಾನೆ. ಪಾತ್ರಗಳು ಆಗಾಗ ಸಾಯುತ್ತಿದ್ದ, ಸತ್ತ ಪಾತ್ರದ ಒಡೆಯ ಹೊಸದೊಂದನ್ನು ಮೊದಲ ಹಂತದಿಂದ ಹೊರಡಿಸುತ್ತಿದ್ದ ಆ ಕಾಲದ ಆಟಕೂಟಗಳಲ್ಲಿ ಈ ಗುಣವಿಲ್ಲದಿದ್ದರೆ ಯಾರೊಬ್ಬರೂ ಎರಡನೆಯ ಪಾತ್ರವನ್ನು ಬರೆಯಲು ಕೈಹಾಕುತ್ತಿರಲಿಲ್ಲ.

ಅಂಕಗಳು ಬರುತ್ತಿದ್ದ ದಾರಿ ಎರಡು. ಕೊಂದ ಪ್ರಾಣಿಯ ಬಲದ ಪ್ರತಿ ಹಂತಕ್ಕೆ 100 ಅಂಕ ಒಂದು. ನೆಲದಡಿಯಿಂದ ಮೇಲಕ್ಕೆ ಹೊತ್ತು ತಂದ ಪ್ರತಿ ಹೊನ್ನಿಗೆ ಒಂದು ಅಂಕ ಇನ್ನೊಂದು. ಹೊನ್ನಿಗೆ ಅನುಭವ ಬರುವುದೆಂದರೆ ಏನೆಂದು ಆಗಲೂ ಜನ ನಕ್ಕಿದ್ದರು, ಈಗಲೂ ನಗುತ್ತಾರೆ, ಆದರೆ ಆಟದ ದೃಷ್ಟಿಯಿಂದ ಅದರ ಪರಿಣಾಮ ಆಳವಾದುದು. ಕೊಲೆಗೆ ಅಂಕ ಸಿಕ್ಕರೆ ಆಟಗಾರ ಕಂಡ ಪ್ರಾಣಿಯನ್ನೆಲ್ಲ ಕೊಲ್ಲುತ್ತಾನೆ. ಹೊನ್ನಿಗೆ ಸಿಕ್ಕರೆ, ರಾಕ್ಷಸನನ್ನು ನಿದ್ದೆಗೆಡಿಸದೆ ಪೆಟ್ಟಿಗೆ ಎತ್ತುವುದು ಹೇಗೆ, ಕಾವಲುಗಾರರಿಗೆ ಲಂಚ ಕೊಟ್ಟರಾಗುವುದೇ, ಇಷ್ಟು ಭಾರದ ನಾಣ್ಯಗಳನ್ನು ಹೊತ್ತು ಓಡಬಹುದೇ ಎಂದು ಯೋಚಿಸುತ್ತಾನೆ. ಎರಡನೆಯ ಬಗೆಯ ಯೋಚನೆಯೇ ಮೇಜಿನ ಸುತ್ತಲಿನ ಮಾತಿಗೆ ಜೀವ ತುಂಬುವಂಥದು. 1975ರಲ್ಲಿ ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಸ್ ಹೊರತಂದ 'ಗ್ರೇಹಾಕ್' ಎಂಬ ಪೂರಕ ಪುಸ್ತಕ ಹಳೆಯ 100 ಅಂಕದ ದರವನ್ನು ಹಾಸ್ಯಾಸ್ಪದವೆಂದೇ ತಳ್ಳಿಹಾಕಿ, ಮೊದಲ ಹಂತದ ಬಲವುಳ್ಳ ಪ್ರಾಣಿಗೆ 10 ಅಂಕವನ್ನಷ್ಟೇ ನಿಗದಿಪಡಿಸಿತು. ಹಿಂದೆ ಯೋಧನೊಬ್ಬ ಒಬ್ಬಂಟಿಯಾಗಿ ಇಪ್ಪತ್ತು ಆರ್ಕ್‌ಗಳನ್ನು, ಎಂದರೆ ಕಥೆಗಳಲ್ಲಿ ಬರುವ ಕೀಳು ದೈತ್ಯಸೈನಿಕರನ್ನು, ಕೊಂದರೆ ಎರಡನೆಯ ಹಂತ ಮುಟ್ಟಬಹುದಾಗಿತ್ತು. ಈಗ ಇನ್ನೂರನ್ನು ಕೊಲ್ಲಬೇಕು. ಆ ಒಂದು ಕೋಷ್ಟಕದಿಂದ ಕತ್ತಿಯ ಆದಾಯ ಕುಸಿದು, ಆಟದ ಸಂಪೂರ್ಣ ಆರ್ಥಿಕತೆ ಖಜಾನೆಯತ್ತ ವಾಲಿತು.

ಮೊದಲ ಪುಸ್ತಿಕೆಯಲ್ಲೇ ಇನ್ನೂ ಎರಡು ತಡೆಗಳಿದ್ದವು. ಪಾತ್ರದ ಹಂತಕ್ಕಿಂತ ಸುರಂಗದ ಅಂತಸ್ತು ಮೇಲಿನದಾಗಿದ್ದರೆ, ಎಂದರೆ ಅಲ್ಲಿನ ಅಪಾಯ ಕಡಿಮೆಯಾಗಿದ್ದರೆ, ಅಂಕಗಳನ್ನು ಆ ಅನುಪಾತದಲ್ಲಿ ಕಡಿತಗೊಳಿಸಬೇಕು. ಎಂಟನೆಯ ಹಂತದ ಮಾಂತ್ರಿಕ ಐದನೆಯ ಅಂತಸ್ತಿನಲ್ಲಿ ಅಡ್ಡಾಡಿದರೆ ಎಂಟರಲ್ಲಿ ಐದು ಪಾಲು ಮಾತ್ರ ಅವನಿಗೆ ದಕ್ಕುತ್ತದೆ. ಒಂದು ಸಾಹಸಯಾತ್ರೆಯಲ್ಲಿ ಒಂದಕ್ಕಿಂತ ಹೆಚ್ಚು ಹಂತ ಏರಗೊಡಬಾರದೆಂಬುದು ಮತ್ತೊಂದು ಸಲಹೆ. ಒಂಬತ್ತನೆಯ ಹಂತದ ಬಳಿಕ ಪ್ರಾಣದ ಲೆಕ್ಕಕ್ಕೆ ದಾಳಗಳು ಸೇರುವುದೂ ನಿಧಾನವಾಗುತ್ತಿತ್ತು. ಆ ಹೊತ್ತಿಗೆ ಪಾತ್ರದ ದಾರಿಯೇ ಬೇರೆಯಾಗಬೇಕೆಂಬುದು ಲೇಖಕರ ಎಣಿಕೆಯಾಗಿತ್ತು: ಪ್ರಭುವಾದವನು ಕಾಡನ್ನು ಸವರಿ, ಕೋಟೆ ಕಟ್ಟಿ, ಜನವಸತಿ ಬೆಳೆಸಿ, ತಲೆಗೆ ವರ್ಷಕ್ಕೆ ಹತ್ತು ಹೊನ್ನಿನಂತೆ ಕಂದಾಯ ಎತ್ತುತ್ತ ಭೂಪತಿಯಾಗಿ ನೆಲೆಸಬೇಕು. ಸುರಂಗದ ಆಟ ಸಪ್ಪೆಯಾಗುವ ಮೊದಲೇ ಆಟವನ್ನೇ ಬದಲಿಸುವ ಈ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು, ಆದರೆ ಬಹುಪಾಲು ಆಟಗಾರರಿಗೆ ಕಂದಾಯದ ಪುಸ್ತಕಕ್ಕಿಂತ ಸುರಂಗವೇ ಪ್ರಿಯವಾಗಿತ್ತು.

ಆರ್ನೆಸನ್ ತಮ್ಮ ಕ್ಯಾಂಪೇನಿನಲ್ಲಿ ಅನುಸರಿಸಿದ್ದ ಕ್ರಮ ಇನ್ನೂ ಕುತೂಹಲಕರವಾದುದು. 1977ರಲ್ಲಿ ಇಲಿನಾಯ್ ರಾಜ್ಯದ ಜಡ್ಜಸ್ ಗಿಲ್ಡ್ ಎಂಬ ಪ್ರಕಾಶನದಿಂದ ಬಂದ 'ದ ಫಸ್ಟ್ ಫ್ಯಾಂಟಸಿ ಕ್ಯಾಂಪೇನ್' ಗ್ರಂಥದಿಂದ ತಿಳಿದುಬರುವಂತೆ, ಅಲ್ಲಿ ಹೊನ್ನನ್ನು ತಂದರೆ ಸಾಲದು, ಅದನ್ನು ಪಾತ್ರ ತನ್ನ ಒಲವಿನ ವಿಷಯಕ್ಕೆ ವ್ಯಯಿಸಿದಾಗ ಮಾತ್ರ ಅನುಭವಾಂಕ ಲಭಿಸುತ್ತಿತ್ತು. ಮದ್ಯ, ಸಂಗೀತ, ಕೀರ್ತಿ, ದೇವಕಾರ್ಯ, ಹವ್ಯಾಸ ಮುಂತಾದವು ಆ ಒಲವುಗಳ ಪಟ್ಟಿಯಲ್ಲಿದ್ದವು. ಇದರಿಂದ ಒಂದೇ ಏಟಿಗೆ ಎರಡು ಕೆಲಸ ಆಗುತ್ತಿತ್ತು: ಪಾತ್ರದ ಕೈ ಬರಿದಾಗಿ ಮತ್ತೆ ಸುರಂಗಕ್ಕೆ ಇಳಿಯಲು ಕಾರಣ ಉಳಿಯುತ್ತಿತ್ತು, ಜೊತೆಗೆ ಆ ಯೋಧ ಎಂಥ ಮನುಷ್ಯ ಎಂಬುದು ಅವನ ಖರ್ಚಿನಿಂದಲೇ ಬಯಲಾಗುತ್ತಿತ್ತು. ಬೆಳವಣಿಗೆಯನ್ನೂ ಪಾತ್ರದ ಸ್ವಭಾವವನ್ನೂ ಇಷ್ಟು ಸರಳವಾಗಿ ಬೆಸೆದ ನಿಯಮ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮತ್ತೊಂದು ಬಂದಿತೆಂದು ಹೇಳುವುದು ಕಷ್ಟ, ಆದರೂ ಮುಖ್ಯಧಾರೆಯ ಪುಸ್ತಕಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ತಡೆಗಳೆಲ್ಲ ಇದ್ದರೂ ಆಟ ಲೇಕ್ ಜಿನೀವಾದ ಗಡಿ ದಾಟಿ ಕಾಲೇಜು ವಸತಿಗೃಹಗಳಿಗೂ ಶಾಲೆಯ ಹುಡುಗರ ಕೈಗೂ ತಲುಪಿದೊಡನೆ ಅಂಕೆ ತಪ್ಪಿತು. ನಿಯಮಗಳನ್ನು ನಿರ್ವಹಿಸುವ ಡಂಜನ್ ಮಾಸ್ಟರ್, ಎಂದರೆ ಪಾತ್ರ ಹೊರದೆ ಇಡೀ ಲೋಕವನ್ನು ನಡೆಸುವ ಆಟದ ಸೂತ್ರಧಾರ, ಗೆಳೆಯರನ್ನು ಸಂತೋಷಪಡಿಸಲೆಂದು ಮಾಂತ್ರಿಕ ಕತ್ತಿಗಳನ್ನೂ ಖಜಾನೆಗಳನ್ನೂ ಧಾರಾಳವಾಗಿ ಹಂಚತೊಡಗಿದನು. ಅಮೆರಿಕದ ದೂರದರ್ಶನದಲ್ಲಿ ಬಹುಮಾನ ಹಂಚುವ ಜನಪ್ರಿಯ ಕಾರ್ಯಕ್ರಮವೊಂದರ ನಿರೂಪಕನಾಗಿದ್ದ ಮಾಂಟಿ ಹಾಲ್‌ನ ಹೆಸರೇ ಇಂಥ ಸೂತ್ರಧಾರರಿಗೆ ಅಡ್ಡಹೆಸರಾಗಿ ಅಂಟಿಕೊಂಡಿತು. 1976ರ ಏಪ್ರಿಲ್‌ನಲ್ಲಿ ಗೈಗ್ಯಾಕ್ಸ್ ತಮ್ಮ ಸಂಸ್ಥೆಯಾದ ಟಿಎಸ್ಆರ್‌ನ ಪತ್ರಿಕೆ 'ದ ಸ್ಟ್ರಾಟೆಜಿಕ್ ರಿವ್ಯೂ'ದಲ್ಲಿ ಬರೆದ ಲೇಖನವೊಂದು ಈ ಧಾರಾಳತನದ ವಿರುದ್ಧ ಹೊರಡಿಸಿದ ಮೊದಲ ದೊಡ್ಡ ತಕರಾರು. ವರ್ಷಕ್ಕೆ 50ರಿಂದ 75 ಕೂಟ ಆಡುವ ಸಾಮಾನ್ಯ ಆಟಗಾರನ ಪಾತ್ರ ಬದುಕುಳಿದರೆ ಒಂಬತ್ತರಿಂದ ಹನ್ನೊಂದನೆಯ ಹಂತಕ್ಕೆ ತಲುಪಬಹುದು, ಅದರ ಮುಂದಿನ ವರ್ಷ ಎರಡು ಮೂರು ಹಂತ ಸೇರಿದರೆ ಹೆಚ್ಚು, ಇಪ್ಪತ್ತನೆಯ ಹಂತಕ್ಕೆ ನಾಲ್ಕೈದು ವರ್ಷಗಳೇ ಬೇಕು ಎಂಬುದು ಅವರ ಲೆಕ್ಕ. ಅಷ್ಟು ವರ್ಷ ನಡೆದ ಕ್ಯಾಂಪೇನುಗಳು ಬ್ಲ್ಯಾಕ್‌ಮೂರ್ ಮತ್ತು ತಮ್ಮದೇ ಆದ ಗ್ರೇಹಾಕ್ ಎರಡೇ ಆಗಿರುವುದರಿಂದ ಬೇರೆಲ್ಲಿಯೂ ಇಪ್ಪತ್ತನೆಯ ಹಂತದ ಪಾತ್ರ ಇರಲು ಸಾಧ್ಯವಿಲ್ಲವೆಂದು ಅವರು ವಾದಿಸಿದರು. ಅದೇ ವರ್ಷ ಪುರಾಣಗಳ ದೇವತೆಗಳನ್ನು ಅಂಕಿಗಳಲ್ಲಿ ಅಳೆದುಕೊಟ್ಟ 'ಗಾಡ್ಸ್, ಡೆಮಿ-ಗಾಡ್ಸ್ ಅಂಡ್ ಹೀರೋಸ್' ಎಂಬ ಪೂರಕ ಪುಸ್ತಕಕ್ಕೆ ಮುನ್ನುಡಿ ಬರೆದ ಸಂಪಾದಕ ಟಿಮ್ ಕಾಸ್ಕ್, ನಲವತ್ತು ದಾಟಿದ ಹಂತಗಳ ಪಾತ್ರಗಳು ಎಷ್ಟು ಹಾಸ್ಯಾಸ್ಪದವೆಂಬುದನ್ನು ತೋರಿಸಿಕೊಡುವುದೇ ಈ ಪುಸ್ತಕದ ಉದ್ದೇಶವೆಂಬ ಧಾಟಿಯಲ್ಲಿ ಎಚ್ಚರಿಸಿದರು. ಫಲ ಮಾತ್ರ ತಿರುಗುಮುರುಗಾಯಿತು. ದೇವತೆಗಳಿಗೂ ಹಿಟ್ ಪಾಯಿಂಟ್ ಇದೆಯೆಂದು ತಿಳಿದ ಹುಡುಗರು ಅವರನ್ನೂ ಕೊಲ್ಲಬಹುದಾದವರ ಪಟ್ಟಿಗೆ ಸೇರಿಸಿಕೊಂಡರು.

ಬೆಳವಣಿಗೆ ಆಟವನ್ನು ಕೆಡಿಸುವುದು ಬಲದ ಹೆಚ್ಚಳದಿಂದ ಮಾತ್ರವಲ್ಲ ಎಂಬುದೂ ಆ ಹೊತ್ತಿಗೆ ಅನುಭವಕ್ಕೆ ಬಂದಿತ್ತು. ಒಂಬತ್ತನೆಯ ಹಂತದ ಮಾಂತ್ರಿಕ ಕ್ಷಣಮಾತ್ರದಲ್ಲಿ ದೂರದ ಊರಿಗೆ ಜಿಗಿಯುವ ಮಂತ್ರ ಕಲಿತೊಡನೆ ಪ್ರಯಾಣ ಎಂಬ ಆಟದ ಒಂದು ಇಡೀ ಅಂಗವೇ ಇಲ್ಲವಾಗುತ್ತದೆ, ಧರ್ಮಯೋಧ ಸತ್ತವರನ್ನು ಎಬ್ಬಿಸಬಲ್ಲವನಾದರೆ ಸಾವಿನ ಭಯವೂ ಅರ್ಧಕ್ಕರ್ಧ ಕಳೆಯುತ್ತದೆ. ಇದಕ್ಕೆ ಎದುರಾಗಿ ವೈಟ್, ವ್ಯಾಂಪೈರ್ ಮೊದಲಾದ ಪ್ರೇತಗಳ ಸ್ಪರ್ಶಕ್ಕೆ ಪಾತ್ರದ ಹಂತವನ್ನೇ ಹೀರುವ ಶಕ್ತಿಯನ್ನು ಕೊಡಲಾಗಿತ್ತು. ತಿಂಗಳುಗಟ್ಟಲೆ ಕೂಡಿಸಿದ್ದು ಒಂದು ಏಟಿಗೆ ಹೋಗುವ ಈ ನಿಯಮ ಆಟಗಾರರಲ್ಲಿ ಹುಟ್ಟಿಸಿದ ಭಯ ಸಾವಿನ ಭಯಕ್ಕಿಂತ ಹೆಚ್ಚಾಗಿತ್ತು. ಪಾತ್ರದ ಪ್ರಾಣಕ್ಕಿಂತ ಅದರ ಅಂಕಿ ಆಟಗಾರನಿಗೆ ಪ್ರಿಯವಾಗಿಬಿಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಗೈಗ್ಯಾಕ್ಸ್ ಹೊನ್ನಿನ ಲೆಕ್ಕವನ್ನು ಸಮರ್ಥಿಸಿಕೊಂಡ ರೀತಿ ಗಮನಾರ್ಹವಾಗಿದೆ. ಧರ್ಮಯೋಧ ಪ್ರಾರ್ಥನೆಯಿಂದ, ಮಾಂತ್ರಿಕ ಓಲೆಗಳ ಅಧ್ಯಯನದಿಂದ ಬೆಳೆಯುವುದು ಹೆಚ್ಚು ಸಹಜವೆಂದು ಒಪ್ಪಿಕೊಂಡೇ, ಅಂಥ ಸಹಜತೆಯನ್ನು ತಂದರೆ ಆಟ ಬೇಸರದ ಕೆಲಸವಾಗುತ್ತದೆಂದು ಅವರು ಹೇಳಿದರು; ಅನುಭವಾಂಕ ಲೋಕಾನುಭವದ ಚಿತ್ರಣವಲ್ಲ, ಸಾಹಸಕ್ಕೆ ಹೊರಡಿಸುವ ಉಪಾಯ ಎಂಬುದು ಅದರ ಇಂಗಿತ. ಆದರೆ ಅದೇ ಗ್ರಂಥ, ಅಂಕ ತುಂಬಿದ ಪಾತ್ರ ಗುರುವಿನ ಬಳಿ ತರಬೇತಿ ಪಡೆಯದೆ ಮುಂದಿನ ಹಂತಕ್ಕೆ ಹೋಗುವಂತಿಲ್ಲವೆಂದು ವಿಧಿಸಿತು. ಆಟಗಾರ ಪಾತ್ರವನ್ನು ಎಷ್ಟು ಚೆನ್ನಾಗಿ ನಿರ್ವಹಿಸಿದನೆಂಬುದಕ್ಕೆ ಸೂತ್ರಧಾರ ನಾಲ್ಕು ದರ್ಜೆಗಳಲ್ಲಿ ಅಂಕ ಹಾಕಬೇಕು, ದರ್ಜೆಗನುಗುಣವಾಗಿ ತರಬೇತಿ ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ, ವಾರಕ್ಕೆ ಹಂತದ ಸಂಖ್ಯೆಯನ್ನು 1,500 ಹೊನ್ನಿನಿಂದ ಗುಣಿಸಿದಷ್ಟು ಶುಲ್ಕ. ಇದರಂತೆ ಕಡೆಯ ದರ್ಜೆ ಪಡೆದ ಮೊದಲ ಹಂತದ ಯೋಧ 6,000 ಹೊನ್ನು ತೆರಬೇಕು, ಆದರೆ ಅವನನ್ನು ಆ ಬಾಗಿಲಿಗೆ ತಂದು ನಿಲ್ಲಿಸಿದ ಅನುಭವಾಂಕ 2,001 ಮಾತ್ರ. ಹೊನ್ನಿನಿಂದಲೇ ಬೆಳೆದವನು ಹೊನ್ನಿಲ್ಲದೆ ನಿಲ್ಲುವ ಈ ವೈರುಧ್ಯವನ್ನು ಗೈಗ್ಯಾಕ್ಸ್‌ರಂಥ ಅನುಭವಿ ಹೇಗೆ ಉಳಿಯಗೊಟ್ಟರೆಂಬುದು ಅಚ್ಚರಿಯ ಸಂಗತಿ. ಹಲವು ಕೂಟಗಳಲ್ಲಿ ಈ ನಿಯಮವನ್ನು ಸದ್ದಿಲ್ಲದೆ ಕೈಬಿಡಲಾಯಿತು.

ಅಷ್ಟರಲ್ಲಿ ಬೇರೆ ಊರುಗಳ ವಿನ್ಯಾಸಕಾರರು ಹಂತಗಳೇ ಬೇಡವೆಂದು ಹೊರಟಿದ್ದರು. ಮಾರ್ಕ್ ಮಿಲ್ಲರ್ 1977ರಲ್ಲಿ ರೂಪಿಸಿದ ಅಂತರಿಕ್ಷಯಾನದ ಆಟ 'ಟ್ರಾವೆಲರ್'ನಲ್ಲಿ ಪಾತ್ರದ ಬೆಳವಣಿಗೆ ಆಟಕ್ಕೆ ಮೊದಲೇ ಮುಗಿದಿರುತ್ತದೆ: ನೌಕಾಪಡೆಯಲ್ಲೋ ವ್ಯಾಪಾರದಲ್ಲೋ ನಾಲ್ಕು ನಾಲ್ಕು ವರ್ಷಗಳ ಸೇವಾವಧಿಗಳನ್ನು ದಾಳ ಹಾಕುತ್ತ ಕಳೆದು, ಕೌಶಲಗಳನ್ನು ಗಳಿಸಿ, ಕೆಲವೊಮ್ಮೆ ಆ ಸೇವೆಯಲ್ಲೇ ಸತ್ತು, ಉಳಿದವರು ನಡುವಯಸ್ಸಿನ ನಿವೃತ್ತರಾಗಿ ಆಟಕ್ಕೆ ಬರುತ್ತಾರೆ. ಅಲ್ಲಿಂದ ಮುಂದೆ ಪಾತ್ರ ಕೂಡಿಡುವುದು ಹಣ, ಹಡಗು, ಪರಿಚಯಗಳನ್ನೇ ಹೊರತು ಅಂಕಗಳನ್ನಲ್ಲ. 1978ರ 'ರೂನ್‌ಕ್ವೆಸ್ಟ್' ಇನ್ನೊಂದು ದಾರಿ ಹಿಡಿಯಿತು. ಸ್ಟೀವ್ ಪೆರಿನ್ ಮತ್ತು ಸಂಗಡಿಗರು ರಚಿಸಿದ ಈ ಆಟದಲ್ಲಿ ಪ್ರತಿ ಕೌಶಲಕ್ಕೂ ಶೇಕಡಾವಾರು ಅಂಕಿ ಇರುತ್ತದೆ. ಸಾಹಸದಲ್ಲಿ ಯಶಸ್ವಿಯಾಗಿ ಬಳಸಿದ ಕೌಶಲಕ್ಕೆ ಒಂದು ಗುರುತು ಹಾಕಿಕೊಂಡು, ಆಮೇಲೆ ನೂರರ ದಾಳ ಉರುಳಿಸಿ ಈಗಿರುವ ಅಂಕಿಗಿಂತ ಹೆಚ್ಚು ಬಿದ್ದರೆ ಮಾತ್ರ ಅದು ಏರುತ್ತದೆ. ಬಲ್ಲವನಿಗೆ ಕಲಿಯುವುದು ಕಡಿಮೆ ಉಳಿದಿರುತ್ತದೆಂಬ ಸತ್ಯವನ್ನು ಕೋಷ್ಟಕವಿಲ್ಲದೆ ಹಿಡಿದುಕೊಟ್ಟ ಈ ನಿಯಮದ ಚೆಲುವಿಗೆ ಒಂದು ಕುಂದು ಇತ್ತು. ಆಟಗಾರರು ಗುರುತು ಗಿಟ್ಟಿಸಲೆಂದೇ ಒಂದೇ ಕಾಳಗದಲ್ಲಿ ಈಟಿ ಎಸೆದು, ಕೊಡಲಿ ಬೀಸಿ, ಕತ್ತಿ ಹಿರಿದು, ಆಯುಧಗಳ ಮೂಟೆ ಹೊತ್ತು ತಿರುಗತೊಡಗಿದರು. ಯಾವುದಕ್ಕೆ ಅಂಕವೋ ಅದನ್ನೇ ಮಾಡುವ ಆಟಗಾರನ ಬುದ್ಧಿ ಹಂತಗಳ ಜೊತೆಗೆ ಹೋಗಿರಲಿಲ್ಲ.

1980ರ ದಶಕದ ಮೂರು ಆಟಗಳು ಪ್ರಶ್ನೆಯನ್ನೇ ತಿರುಗಿಸಿ ನಿಲ್ಲಿಸಿದವು. ಸ್ಯಾಂಡಿ ಪೀಟರ್ಸನ್‌ರ 'ಕಾಲ್ ಆಫ್ ಕ್ತುಲ್ಹು' (1981) ಭಯಾನಕ ಕಥೆಗಳ ಆಟ. ಅದರಲ್ಲಿ ಲೋಕದ ಮರೆಯಲ್ಲಿರುವ ಘೋರ ಶಕ್ತಿಗಳನ್ನು ಕುರಿತ ಜ್ಞಾನ ಒಂದು ಕೌಶಲ, ಮನಸ್ಸಿನ ಸ್ವಾಸ್ಥ್ಯ ಇನ್ನೊಂದು ಅಳತೆ, ಮತ್ತು ಸ್ವಾಸ್ಥ್ಯದ ಗರಿಷ್ಠ ಮಿತಿ 99ರಲ್ಲಿ ಆ ಜ್ಞಾನವನ್ನು ಕಳೆದು ಉಳಿದಷ್ಟೇ. ತಿಳಿದಷ್ಟೂ ಹುಚ್ಚಿಗೆ ಹತ್ತಿರವಾಗುವ ಪಾತ್ರ ಬೆಳೆಯುತ್ತ ಬೆಳೆಯುತ್ತ ದುರ್ಬಲವಾಗುತ್ತದೆ, ಆದ್ದರಿಂದ ಕ್ಯಾಂಪೇನ್ ಎಷ್ಟು ದೀರ್ಘವಾದರೂ ಭಯ ಮಾಸುವುದಿಲ್ಲ. ಗ್ರೆಗ್ ಸ್ಟಾಫರ್ಡ್‌ರ 'ಪೆಂಡ್ರಾಗನ್' (1985) ಆರ್ಥರ್ ರಾಜನ ಕಾಲದ ಯೋಧರನ್ನು ಕುರಿತದ್ದು. ಸಾಮಾನ್ಯವಾಗಿ ವರ್ಷಕ್ಕೊಂದು ಸಾಹಸ ನಡೆದು, ಚಳಿಗಾಲದಲ್ಲಿ ಮದುವೆ, ಮಕ್ಕಳು, ಬೆಳೆ, ಕುದುರೆಗಳ ಲೆಕ್ಕ ಮುಗಿಸಿ, ಮೂವತ್ತೈದು ದಾಟಿದವನು ಮುಪ್ಪಿನ ದಾಳ ಹಾಕಬೇಕು. ಕತ್ತಿಯ ಪಳಗು ಏರುತ್ತಿದ್ದಂತೆ ಮೈಯ ಬಲ ಇಳಿಯುತ್ತದೆ, ಕೊನೆಗೆ ಮಗನಿಗೆ ಜಾಗ ಬಿಟ್ಟುಕೊಟ್ಟು ಆಟಗಾರ ಮುಂದಿನ ತಲೆಮಾರನ್ನು ಆಡುತ್ತಾನೆ. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್‌ರ 'ಆರ್ಸ್ ಮ್ಯಾಜಿಕಾ' (1987) ಮಾಂತ್ರಿಕನಿಗೆ ಋತುಗಳ ಲೆಕ್ಕದಲ್ಲಿ ಗ್ರಂಥಾಲಯದ ಅಧ್ಯಯನವನ್ನೇ ಬೆಳವಣಿಗೆಯ ಮೂಲವಾಗಿಸಿತು. ಗೈಗ್ಯಾಕ್ಸ್ ಬೇಸರವೆಂದು ಬದಿಗೊತ್ತಿದ್ದ ವಿಷಯವೇ ಇಲ್ಲಿ ಆಕರ್ಷಣೆಯಾಯಿತು. ಸಾಹಸಕ್ಕೆ ಹೊರಟರೆ ಓದಿನ ಒಂದು ಋತು ಹಾಳು ಎಂದು ಮಾಂತ್ರಿಕ ಗೊಣಗುವುದು, ಒಬ್ಬೊಬ್ಬ ಆಟಗಾರ ಮಾಂತ್ರಿಕನೊಂದಿಗೆ ಅವನ ಸಂಗಡಿಗನನ್ನೂ ಆಳುಗಳನ್ನೂ ಸರದಿಯಲ್ಲಿ ಆಡುವುದು ಆ ಆಟದ ವಿಶಿಷ್ಟ ರುಚಿ.

ಮುಖ್ಯಧಾರೆಯ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮಾತ್ರ ವಿರುದ್ಧ ದಿಕ್ಕಿನಲ್ಲಿ ಸಾಗಿತು. 1989ರ ಎರಡನೆಯ ಆವೃತ್ತಿ ಹೊನ್ನಿನ ಅಂಕವನ್ನು ಐಚ್ಛಿಕವಾಗಿಸಿ, ಕಥೆಯ ಗುರಿ ಮುಟ್ಟಿದ್ದಕ್ಕೆ ಸೂತ್ರಧಾರ ಅಂಕ ಕೊಡಬಹುದೆಂದಿತು. ನಿಶ್ಚಿತವಾಗಿ ಲೆಕ್ಕಕ್ಕೆ ಸಿಗುತ್ತಿದ್ದುದು ಶತ್ರುವಧೆಯೇ ಆದ್ದರಿಂದ ಆಟ ಮೆಲ್ಲನೆ ಕಾಳಗದತ್ತ ವಾಲಿದ್ದು ಸಹಜವೇ. ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2000ದಲ್ಲಿ ಹೊರತಂದ ಮೂರನೆಯ ಆವೃತ್ತಿ ಯೋಧ, ಮಾಂತ್ರಿಕರೆಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಕೋಷ್ಟಕ ಕೊಟ್ಟು, ತಂಡದ ಬಲಕ್ಕೆ ಸಮನಾದ ಸುಮಾರು ಹದಿಮೂರು ಕಾಳಗಗಳಿಗೆ ಒಂದು ಹಂತ ಎಂಬ ಎಣಿಕೆಯನ್ನು ಒಳಗಿಟ್ಟುಕೊಂಡಿತು. ಇಪ್ಪತ್ತನೆಯ ಹಂತಕ್ಕೆ ಇನ್ನೂರೈವತ್ತು ಚಿಲ್ಲರೆ ಕಾಳಗಗಳು ಸಾಕು. ಇಮ್ಮಡಿಯ ಏರಿಕೆ ಅಲ್ಲಿಗೆ ಹೋಯಿತು, ಅದರೊಂದಿಗೆ ಮೇಲಿನ ಹಂತಗಳ ದುರ್ಲಭತೆಯೂ ಹೋಯಿತು. ಮೇಲಿನ ಹಂತಗಳಲ್ಲಿ ಒಂದು ಕಾಳಗದ ಲೆಕ್ಕಕ್ಕೇ ಸಂಜೆಯೆಲ್ಲ ಬೇಕಾಗುವುದನ್ನು ಕಂಡ ಕೆಲವು ಆಟಗಾರರು ಆರನೆಯ ಹಂತದಲ್ಲೇ ಏರಿಕೆಯನ್ನು ನಿಲ್ಲಿಸಿ, ಮುಂದೆ ಸಣ್ಣಪುಟ್ಟ ಕೌಶಲಗಳನ್ನಷ್ಟೇ ಸೇರಿಸಿಕೊಳ್ಳುವ 'ಇ6' ಎಂಬ ಮನೆನಿಯಮವನ್ನು ರೂಪಿಸಿಕೊಂಡರು.

2014ರ ಐದನೆಯ ಆವೃತ್ತಿ ಬೆಳವಣಿಗೆಯ ವೇಗವನ್ನು ಇಳಿಸುವ ಬದಲು ಅದರ ಎತ್ತರವನ್ನು ತಗ್ಗಿಸಿತು. ಮೊದಲ ಹಂತದಿಂದ ಇಪ್ಪತ್ತನೆಯದಕ್ಕೆ ಪಾತ್ರದ ನಿಪುಣತೆಯ ಅಂಕಿ ಎರಡರಿಂದ ಆರಕ್ಕೆ ಮಾತ್ರ ಏರುವುದರಿಂದ, ಕೀಳು ಶತ್ರುಗಳೂ ಗುಂಪಾಗಿ ಬಂದರೆ ಹಿರಿಯ ಪಾತ್ರಕ್ಕೆ ಗಾಯ ಮಾಡಬಲ್ಲವು. ಅದೇ ಆವೃತ್ತಿಯ ಸೂತ್ರಧಾರರ ಕೈಪಿಡಿ ಅಂಕಗಳನ್ನೇ ಬಿಟ್ಟು, ಕಥೆ ತಿರುವು ಪಡೆದಾಗ ಎಲ್ಲರನ್ನೂ ಒಟ್ಟಿಗೆ ಏರಿಸುವ ಕ್ರಮವನ್ನೂ, ಮೊದಲ ಕೂಟದ ಬಳಿಕ ಎರಡನೆಯ ಹಂತ, ಇನ್ನೊಂದು ಕೂಟಕ್ಕೆ ಮೂರನೆಯದು, ಮತ್ತೆರಡಕ್ಕೆ ನಾಲ್ಕನೆಯದು, ಆಮೇಲೆ ಎರಡು ಮೂರು ಕೂಟಕ್ಕೊಂದು ಹಂತವೆಂದು ಕೂಟಗಳನ್ನೇ ಎಣಿಸುವ ಕ್ರಮವನ್ನೂ ಸೂಚಿಸಿತು. ಈ ಕ್ರಮಗಳಿಂದ ಅಂಕಬೇಟೆ ನಿಂತಿತು, ಅದೊಂದು ಲಾಭ. ಆದರೆ ಸೂತ್ರಧಾರ ಕಥೆಯನ್ನು ಎಲ್ಲಿಗೆ ಒಯ್ಯಬೇಕೆಂದಿದ್ದಾನೋ ಅಲ್ಲಿಗೆ ಹಿಂಬಾಲಿಸುವುದೇ ಬೆಳೆಯುವ ದಾರಿಯಾದಾಗ, ಹೊನ್ನಿನ ಆಸೆಗೆ ತಾವೇ ಸುರಂಗ ಆರಿಸಿಕೊಂಡು ಇಳಿಯುತ್ತಿದ್ದ ಹಳೆಯ ಆಟಗಾರರ ಸ್ವಾತಂತ್ರ್ಯ ಉಳಿಯುವುದಿಲ್ಲ. 2012ರ 'ಡಂಜನ್ ವರ್ಲ್ಡ್' ದಾಳದಲ್ಲಿ ಸೋತಾಗಲೆಲ್ಲ ಒಂದು ಅನುಭವಾಂಕ ಕೊಟ್ಟು, ಅಪಾಯಕ್ಕೆ ಕೈಹಾಕುವುದನ್ನೇ ಲಾಭದಾಯಕವಾಗಿಸಿ, ಆ ಸ್ವಾತಂತ್ರ್ಯವನ್ನು ಬೇರೊಂದು ಕಡೆಯಿಂದ ಕಾಪಾಡಲು ನೋಡಿತು. ಇನ್ನೊಂದೆಡೆ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಿಂದೀಚೆಗೆ ಹಳೆಯ ಪುಸ್ತಿಕೆಗಳನ್ನು ಮತ್ತೆ ಓದಿ ಆಡತೊಡಗಿದ ಗುಂಪುಗಳು ಹೊನ್ನಿಗೊಂದು ಅಂಕದ ನಿಯಮವನ್ನು ಮರಳಿ ತಂದವು. 2019ರಲ್ಲಿ ಪ್ರಕಟವಾದ 'ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್' ಅದನ್ನು ಯಾವ ಸಂಕೋಚವೂ ಇಲ್ಲದೆ ಅಚ್ಚು ಹಾಕಿತು, ಮತ್ತು ತಂದ ಹೊನ್ನನ್ನು ಊರಿನ ಹೆಂಡದಂಗಡಿಯಲ್ಲಿ ಕರಗಿಸಿದರೆ ಹೆಚ್ಚುವರಿ ಅಂಕ ಕೊಡುವ ಮನೆನಿಯಮಗಳು ಇಂಥ ಗುಂಪುಗಳಲ್ಲಿ ಬೇಗನೆ ಹಬ್ಬಿದವು.